ಅಲ್ ಬರ್ಷಾದ ನಿಸ್ಸೆ

ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ ಒಂದು ವಿಚಿತ್ರ ಸಲಕರಣೆ ಇದೆ. ಅಂಗೈ ಅಗಲದ ತ್ರಿಕೋನಾಕಾರದ ಉಕ್ಕಿನ ತಗಡು, ಅದರ ನಡುವೆ ಒಂದು ಸೀಳು, ಸೀಳಿನ ಅಂಚು ಹರಿತ, ಹಿಂದೆ ಮರದ ಹಿಡಿ. ಮನೆಗೆ ಬಂದವರು ಅದನ್ನು ಕೇಕ್ ಬಡಿಸುವ ಸಟ್ಟುಗ ಎಂದುಕೊಳ್ಳುತ್ತಾರೆ. ನನ್ನ ಅತ್ತೆ ಅದರಲ್ಲಿ ನೇಂದ್ರ ಬಾಳೆಕಾಯಿ ಹೆರೆದು ಚಿಪ್ಸ್ ಮಾಡುತ್ತಾರೆ. ಗಂಡ ಒಮ್ಮೆ ಸ್ಕೂಟರಿಗೆ ಅಂಟಿದ್ದ ಸ್ಟಿಕರ್ ಕೀಳಲು ತೆಗೆದುಕೊಂಡು ಹೋಗಿದ್ದರು. ಆ ದಿನ ಸಂಜೆಯವರೆಗೆ ನಾನು ಅವರ ಜೊತೆ ಮಾತಾಡಲಿಲ್ಲ. ಅದು ನಾರ್ವೆಯವರು ಚೀಸ್ ಹೆರೆಯುವ ಸಾಧನ. ಹಾಗೆಂದು ನಾನು ನಾರ್ವೆಗೆ ಹೋಗಿಬಂದವಳೆಂದು ತಿಳಿಯಬೇಡಿ. ನಾನು ನಾರ್ವೆಯಲ್ಲಿ ಇದ್ದದ್ದು ದುಬೈಯ ಅಲ್ ಬರ್ಷಾದಲ್ಲಿ, ಐದನೆಯ ಮಹಡಿಯ ಒಂದು ಫ್ಲಾಟಿನಲ್ಲಿ, ಆರು ತಿಂಗಳಿಗೆ ಸ್ವಲ್ಪ ಕಡಿಮೆ.

2014ರಲ್ಲಿ ಮಂಗಳೂರಿನ ನಮ್ಮ ಕಾಲೇಜಿನಿಂದ ದುಬೈಯ ಒಂದು ಕಾಲೇಜಿಗೆ ಒಂದು ವರ್ಷದ ಮಟ್ಟಿಗೆ ವಿನಿಮಯ ವಿದ್ಯಾರ್ಥಿನಿಯಾಗಿ ಹೋಗುವ ಅವಕಾಶ ಸಿಕ್ಕಿತು. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆಯ ಹುಡುಗಿಯನ್ನು ಒಬ್ಬಳನ್ನೇ ದುಬೈಗೆ ಕಳಿಸಲು ನನ್ನ ತಂದೆ, ಉಪ್ಪ, ಒಪ್ಪಿದ್ದು ಒಂದೇ ಧೈರ್ಯದಿಂದ: ಅಲ್ಲಿ ಮಾಮ ಇದ್ದಾರೆ. ಉಮ್ಮನ ಅಣ್ಣ ಹಮೀದ್ ಮಾಮ ಬರ್ ದುಬೈಯ ಬಟ್ಟೆ ಅಂಗಡಿಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಇದ್ದರು. ಊರಿನಲ್ಲಿ ಅವರದು ಎರಡು ಮಹಡಿಯ ಮನೆ. ದುಬೈಯಲ್ಲಿ ಮಾತ್ರ ಎಂಟು ಗಂಡಸರು ಮಲಗುವ ಒಂದು ಕೋಣೆಯಲ್ಲಿ, ಎರಡಂತಸ್ತಿನ ಮಂಚದ ಮೇಲಿನ ಅಂತಸ್ತು ಅವರ ಪಾಲಿನದು. ಈ ಸಂಗತಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉಪ್ಪ ಫೋನಿನಲ್ಲಿ, "ರಮ್ಲ ನಿಮ್ಮಲ್ಲೇ ಇರ್ತಾಳಲ್ಲ ಭಾವ?" ಎಂದು ಕೇಳಿದಾಗ ಮಾಮ ಎರಡು ಸಲ ಕೆಮ್ಮಿದರಂತೆ.

ಕಾಲೇಜಿನವರು ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗೆ ಅಧ್ಯಾಪಕರ ಮನೆಗಳಲ್ಲಿ ಇರುವ ಏರ್ಪಾಡು ಮಾಡುತ್ತಿದ್ದರು. ಹಾಗೆ ನನಗೆ ಸಿಕ್ಕಿದ್ದು ಆನ್ನೆ, ಅಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ನಾರ್ವೆಯ ಹೆಂಗಸು. ಅವರ ಗಂಡ ಟ್ರೋಂಡ್ ಸಮುದ್ರದಲ್ಲಿ ಎಣ್ಣೆ ತೆಗೆಯುವವರಿಗೆ ಯಂತ್ರ ಒದಗಿಸುವ ಕಂಪನಿಯೊಂದರ ಇಂಜಿನಿಯರ್. ಎಂಟು ವರ್ಷದ ಒಬ್ಬಳೇ ಮಗಳು. ಅವಳ ಹೆಸರನ್ನು ಬರೆಯುವಾಗ ಕೊನೆಗೆ ಒಂದು 'ಡ್' ಇದೆ, ಕರೆಯುವಾಗ ಇಲ್ಲ. ಸಿಗ್ರಿ. ಮಾಮನ ಬಾಯಲ್ಲಿ ಅದು ಮೊದಲ ದಿನವೇ ಸಿಗಡಿ ಆಯಿತು, ಕೊನೆಯವರೆಗೂ ಹಾಗೇ ಉಳಿಯಿತು.

ಇನ್ನು ಮುಂದೆ ಬರೆಯುವುದರ ಬಗ್ಗೆ ಒಂದು ಎಚ್ಚರಿಕೆ ಕೊಡಬೇಕು. ನಾನು ಮಾಮನ ಜೊತೆ ಮಾತಾಡಿದ್ದು ಬ್ಯಾರಿ ಭಾಷೆಯಲ್ಲಿ, ಆ ಮನೆಯವರ ಜೊತೆ ಇಂಗ್ಲಿಷಿನಲ್ಲಿ, ಅವರವರು ಆಡಿಕೊಂಡದ್ದು ನಾರ್ವೆಯ ಭಾಷೆಯಲ್ಲಿ. ಎಲ್ಲವನ್ನೂ ಈಗ ಕನ್ನಡಕ್ಕೆ ತರುತ್ತಿದ್ದೇನೆ, ಅಲ್ಲಿಗೇ ಅರ್ಧ ಸತ್ಯ ಸೋರಿಹೋಗಿರುತ್ತದೆ. ಎಂಟನೇ ಕ್ಲಾಸಿನಿಂದ ಡೈರಿ ಬರೆಯುವ ಅಭ್ಯಾಸ ನನಗಿದೆ. ಇದನ್ನು ಬರೆಯುವ ಮೊದಲು ಆ ವರ್ಷದ ಡೈರಿ ತೆರೆದು ನೋಡಿದೆ. ನನ್ನ ನೆನಪಿನಲ್ಲಿರುವ ನಾನು ಡೈರಿಯಲ್ಲಿರುವ ನನಗಿಂತ ಬಹಳ ಒಳ್ಳೆಯವಳು.

ಮಾಮ ನನ್ನನ್ನು ಬಿಡಲು ಬಂದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಸೋಫಾದ ತುದಿಯಲ್ಲಿ ಕೂತು ಗೋಡೆ, ಕಿಟಕಿ, ಬಾಗಿಲ ಚಿಲಕ ಎಲ್ಲವನ್ನೂ ಕಣ್ಣಿನಲ್ಲೇ ಅಳೆದರು. ಟ್ರೋಂಡ್ ಒಂದು ಕಂದು ಇಟ್ಟಿಗೆಯಂಥದನ್ನು ತಂದು, ನಾನು ಆಗಲೇ ಹೇಳಿದ ಸಲಕರಣೆಯಿಂದ ತೆಳ್ಳಗೆ ಹೆರೆದು, ಬ್ರೆಡ್ಡಿನ ಮೇಲಿಟ್ಟು ಕೊಟ್ಟ. ಅದು ಅವರ ಊರಿನ ಕಂದು ಚೀಸ್. ಮಾಮ ಬಹಳ ಹೊತ್ತು ಅಗಿದರು.

"ಇದು ಖೋವಾ ಅಲ್ವಾ? ತಳ ಹಿಡಿದದ್ದು," ಎಂದು ನನಗೆ ಬ್ಯಾರಿಯಲ್ಲಿ ಹೇಳಿದರು. "ಪಾಪ, ಸಕ್ಕರೆ ಅಂತ ಉಪ್ಪು ಹಾಕಿದ್ದಾರೆ. ಏನೂ ಹೇಳ್ಬೇಡ ನೀನು."

"ಏನೆನ್ನುತ್ತಾರೆ?" ಎಂದು ಟ್ರೋಂಡ್ ಕೇಳಿದ.

"ಬಹಳ ಚೆನ್ನಾಗಿದೆಯಂತೆ," ಎಂದೆ. ಟ್ರೋಂಡ್ ಸಂತೋಷದಿಂದ ಇನ್ನೂ ನಾಲ್ಕು ಹೆರೆದು ಕೊಟ್ಟ. ಮಾಮ ನಾಲ್ಕನ್ನೂ ತಿಂದರು. ಲಿಫ್ಟಿನ ಬಾಗಿಲಲ್ಲಿ ನನ್ನ ತಲೆ ಮುಟ್ಟಿ, "ಜನ ಒಳ್ಳೆಯವರು. ಅಡುಗೆ ಗೊತ್ತಿಲ್ಲ, ಅಷ್ಟೇ," ಎಂದು ಹೇಳಿ ಹೋದರು.

ನನ್ನ ಮೊದಲ ಕಷ್ಟ ಅಡುಗೆಯದಲ್ಲ, ಆನ್ನೆಯನ್ನು ಏನೆಂದು ಕರೆಯುವುದು ಎಂಬುದು. ಅವರಿಗೆ ನನ್ನ ಉಮ್ಮನ ವಯಸ್ಸು. ಎರಡನೆಯ ದಿನ 'ಆಂಟಿ' ಎಂದೆ. ಅವರು ನಕ್ಕು, "ನಾನು ನಿನ್ನ ಅತ್ತೆಯೂ ಅಲ್ಲ, ಚಿಕ್ಕಮ್ಮನೂ ಅಲ್ಲ, ಆನ್ನೆ," ಎಂದರು. ತಾಯಿಯ ವಯಸ್ಸಿನವರ ಹೆಸರು ಹಿಡಿದು ಕೂಗಲು ನನ್ನ ನಾಲಿಗೆ ಹೊರಳಲಿಲ್ಲ. ಮೂರು ವಾರ ನಾನು ಅವರನ್ನು ಏನೆಂದೂ ಕರೆಯಲಿಲ್ಲ. ಅವರು ಅಡುಗೆಮನೆಯಲ್ಲಿದ್ದರೆ ನಾನೂ ಅಲ್ಲಿಗೆ ಹೋಗಿ, ಅವರು ತಿರುಗಿ ನೋಡುವವರೆಗೆ ನಿಂತು, ಆಮೇಲೆ ಮಾತು ಶುರು ಮಾಡುತ್ತಿದ್ದೆ. ಅವರು ಬಹಳ ದಿನ ನನ್ನನ್ನು ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಲ್ಲುವ ಹುಡುಗಿ ಎಂದು ತಿಳಿದು ಸ್ವಲ್ಪ ಹೆದರಿದ್ದರಂತೆ. ಟ್ರೋಂಡ್ ವಿಷಯದಲ್ಲಿ ಈ ತೊಂದರೆ ಬರಲಿಲ್ಲ. ಅವನು ಮನೆಯಲ್ಲಿ ಮೊಣಕಾಲು ಕಾಣುವ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದುದರಿಂದ ಬಹುವಚನ ತಾನಾಗಿಯೇ ಉದುರಿಹೋಯಿತು.

ಅವರ ಮನೆಯಲ್ಲಿ ಊಟ ಮುಗಿದು ಏಳುವಾಗ ಪ್ರತಿಯೊಬ್ಬರೂ ಅಡುಗೆ ಮಾಡಿದವರಿಗೆ 'ತಕ್ ಫೊರ್ ಮಾತೆನ್' ಎನ್ನಬೇಕು. ಊಟಕ್ಕೆ ಧನ್ಯವಾದ ಎಂದರ್ಥ. ಗಂಡ ಹೆಂಡತಿಗೆ, ಮಗಳು ತಾಯಿಗೆ, ದಿನಕ್ಕೆ ಮೂರು ಹೊತ್ತು. ನಾನು ಅದನ್ನು ಕಲಿತು, ಅದರ ಅಂದಕ್ಕೆ ಮಾರುಹೋಗಿ, ಊರಿಗೆ ಮರಳಿದ ಮೊದಲ ದಿನ ಉಮ್ಮನ ಮೀನು ಸಾರು ಊಟ ಮಾಡಿ, "ಊಟಕ್ಕೆ ಥ್ಯಾಂಕ್ಸ್ ಉಮ್ಮಾ" ಎಂದೆ. ಉಮ್ಮ ಸೌಟು ಕೆಳಗಿಟ್ಟು ನನ್ನ ಮುಖ ನೋಡಿದರು. "ಯಾಕೆ, ನಾಳೆಯಿಂದ ಬೇಡ್ವಾ?" ಎಂದರು. ನನ್ನ ತಂಗಿ ಇವತ್ತಿಗೂ ನೀರು ಕೊಟ್ಟರೆ, "ನೀರಿಗೆ ಥ್ಯಾಂಕ್ಸ್ ಮೇಡಂ," ಎನ್ನುತ್ತಾಳೆ.

ಬೇರೆ ಕಡೆ ಹೋಗುತ್ತಿದ್ದೇನೆ. ಹೇಳಲು ಹೊರಟದ್ದು ಸಿಗ್ರಿಯ ವಿಷಯ.

ಸಿಗ್ರಿ ಹುಟ್ಟಿದ್ದು ದುಬೈಯಲ್ಲೇ. ನಾರ್ವೆ ಎಂದರೆ ಅವಳಿಗೆ ಬೇಸಿಗೆ ರಜೆಯಲ್ಲಿ ಮೂರು ವಾರ ಹೋಗಿಬರುವ, ಜುಲೈಯಲ್ಲೂ ಕಾಲುಚೀಲ ಹಾಕಬೇಕಾದ ಒಂದು ಊರು. ಅಪ್ಪ-ಅಮ್ಮ ಅವರ ಭಾಷೆಯಲ್ಲಿ ಮಾತಾಡಿಸಿದರೆ ಆ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದಳು; ಉಳಿದಂತೆ ಸ್ಕೂಲಿನ ಇಂಗ್ಲಿಷು, ಅದರ ನಡುನಡುವೆ ಅರಬಿಯ ಯಲ್ಲಾ, ಖಲಾಸ್, ಅಂದರೆ ನಡಿ, ಮುಗಿಯಿತು. ತನ್ನ ಊರು ಯಾವುದೆಂದು ಕೇಳಿದರೆ 'ಬರ್ಷಾ' ಎನ್ನುತ್ತಿದ್ದಳು.

ಆ ವರ್ಷದ ಕೊನೆಗೆ ಎಣ್ಣೆಯ ಬೆಲೆ ಬಿತ್ತು. ಡಿಸೆಂಬರಿನ ಮೊದಲ ವಾರ ಆನ್ನೆ ನನ್ನನ್ನು ಕೂರಿಸಿಕೊಂಡು ಹೇಳಿದರು: ಟ್ರೋಂಡನ ವಿಭಾಗವನ್ನು ಕಂಪನಿ ಮುಚ್ಚುತ್ತಿದೆ, ಫೆಬ್ರುವರಿಯಲ್ಲಿ ಅವರು ನಾರ್ವೆಗೆ ಹೋಗುತ್ತಿದ್ದಾರೆ, ಟಿಕೆಟ್ ಆಗಿದೆ. ನಾನು ಉಳಿದ ತಿಂಗಳುಗಳಿಗೆ ಬೇರೆ ಮನೆ ನೋಡಿಕೊಳ್ಳಬೇಕು. "ಸಿಗ್ರಿಗೆ ಹೇಳಿಲ್ಲ. ಕ್ರಿಸ್ಮಸ್ ಒಂದು ಚೆನ್ನಾಗಿ ಕಳೆಯಲಿ. ನೀನೂ ಹೇಳಬೇಡ."

ಹೇಳುವುದಿಲ್ಲ ಎಂದೆ.

ಮೂರೋ ನಾಲ್ಕೋ ದಿನದ ಮೇಲೆ ಸಿಗ್ರಿ ನನ್ನನ್ನು ಬಾಲ್ಕನಿಗೆ ಎಳೆದುಕೊಂಡು ಹೋದಳು. ಕೆಳಗೆ ದೂರದಲ್ಲಿ ಮೆಟ್ರೋ ಹೋಗುತ್ತಿತ್ತು. ಗಾಜಿನ ಬಾಗಿಲನ್ನು ಎಳೆದು ಮುಚ್ಚಿ, "ಅವರು ನಾರ್ವೆಗೆ ಹೋಗುವ ಮಾತಾಡ್ತಿದ್ದಾರೆ. ನಾನು ಬಾಗಿಲ ಹೊರಗಿನಿಂದ ಕೇಳಿದೆ. ಆದರೆ ಪರವಾಗಿಲ್ಲ, ನನ್ನ ಹತ್ತಿರ ಪ್ಲಾನ್ ಉಂಟು," ಎಂದಳು.

ಪ್ಲಾನು ನಿಸ್ಸೆಯದು.

ನಿಸ್ಸೆ ಎಂದರೆ ನಾರ್ವೆಯ ಹಳ್ಳಿಮನೆಗಳ ಕೊಟ್ಟಿಗೆಯಲ್ಲಿರುವ ಮೊಣಕಾಲೆತ್ತರದ ಮುದುಕ. ಬೂದು ಅಂಗಿ, ಕೆಂಪು ಟೋಪಿ. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಅವನಿಗೆ ಒಂದು ಬಟ್ಟಲು ಹಾಲಿನ ಗಂಜಿ ಇಡಬೇಕು. ಮರೆತರೆ ದನಗಳ ಬಾಲಕ್ಕೆ ಬಾಲ ಗಂಟು ಹಾಕುತ್ತಾನೆ. ಇದನ್ನು ಕೇಳಿದಾಗ ನನಗೆ ನಮ್ಮ ಕಡೆಯ ತುಂಟ ದೆವ್ವ ಕುಟ್ಟಿಚಾತನ ನೆನಪಾಯಿತು. ಹೆಂಚಿನ ಮೇಲೆ ಕಲ್ಲು ಬಿದ್ದ ಸದ್ದಾದರೆ ಅಜ್ಜಿ ಅವನ ಹೆಸರು ಹೇಳಿ ನಮ್ಮನ್ನು ಒಳಗೆ ಕರೆಯುತ್ತಿದ್ದರು. ಅಲ್ ಬರ್ಷಾದಲ್ಲಿ ಕೊಟ್ಟಿಗೆ ಎಲ್ಲಿಂದ ಬರಬೇಕು? ಟ್ರೋಂಡ್ ಬಹಳ ಯೋಚಿಸಿ, ಕಾರು ಕಟ್ಟಿಹಾಕುವ ಜಾಗವೇ ನಮ್ಮ ಕೊಟ್ಟಿಗೆ ಎಂದು ತೀರ್ಮಾನಿಸಿ, ಪ್ರತಿ ವರ್ಷ ಬೇಸ್‌ಮೆಂಟಿನ ಪಾರ್ಕಿಂಗಿನಲ್ಲಿ ತನ್ನ ಕಾರಿನ ಪಕ್ಕ ಗಂಜಿ ಇಡುತ್ತಿದ್ದ. ಮರುದಿನ ಬಟ್ಟಲು ತೊಳೆದು ಬೋರಲು ಹಾಕಿರುತ್ತಿತ್ತು. ಅದರ ಕೆಳಗೆ ಎರಡು ಖರ್ಜೂರ. ನಿಸ್ಸೆ ಇದ್ದಾನೆಂಬುದಕ್ಕೆ ಸಿಗ್ರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಾರ್ವೆಯ ನಿಸ್ಸೆ ಖರ್ಜೂರ ಇಡುವುದಿಲ್ಲ. ಇವನು ಇಲ್ಲಿಯವನು, ಇಲ್ಲಿ ಅವನ ಮಾತು ನಡೆಯುತ್ತದೆ.

ಕಟ್ಟಡದ ಕಾವಲಿನ ಯಾಕೂಬ್ ಚಾಚಾ ಆ ವಾರ ಲಿಫ್ಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಇಸ್ ಸಾಲ್ ಭೀ ಖೀರ್ ಆಯೇಗೀ ನಾ, ಬೇಟಿ?" ಎಂದು ಕೇಳಿದ್ದರು. ಈ ವರ್ಷವೂ ಪಾಯಸ ಬರುತ್ತದಲ್ಲ ಎಂದು ಅವರು ಯಾಕೆ ಕೇಳಿದರೆಂದು ನನಗೆ ಆಗ ಅರ್ಥವಾಗಿರಲಿಲ್ಲ.

"ಕ್ರಿಸ್ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ನಾವೂ ಅದೇ ಗಂಜಿ ತಿನ್ನುತ್ತೇವೆ," ಎಂದಳು ಸಿಗ್ರಿ. "ಅದರಲ್ಲಿ ಒಂದು ಮಂಡೆಲ್ ಇರುತ್ತೆ. ಒಂದೇ. ಯಾರಿಗೆ ಸಿಗುತ್ತೋ ಅವರಿಗೆ ಬಹುಮಾನ. ಮತ್ತೆ ಅವರು ಏನು ಬೇಡಿಕೊಂಡರೂ ನಿಸ್ಸೆ ಕೊಡಬೇಕು. ನಾನು ಇಲ್ಲೇ ಇರಬೇಕು ಅಂತ ಬೇಡಿಕೊಳ್ತೇನೆ."

ಬಹುಮಾನ ಮಾತ್ರ ಸಂಪ್ರದಾಯದ್ದಂತೆ, ನಿಸ್ಸೆ ಬೇಡಿದ್ದು ಕೊಡುವುದು ಸಿಗ್ರಿಯದೇ ತಿದ್ದುಪಡಿ ಎಂದು ನನಗೆ ಆಮೇಲೆ ಗೊತ್ತಾಯಿತು. ಆಗ ನಾನು ಕೇಳಲಿಲ್ಲ. ಮಂಡೆಲ್ ಎಂದರೇನು ಎಂದೂ ಕೇಳಲಿಲ್ಲ. ಮೆಡಲ್ ಎಂಬುದನ್ನು ಅವರು ಹಾಗೆ ಎಳೆಯುತ್ತಾರೆ ಎಂದುಕೊಂಡೆ. ಗಂಜಿಯೊಳಗೆ ಒಂದು ಸಣ್ಣ ಪದಕ ಇರುತ್ತದೆ, ಹಲ್ಲಿಗೆ ಸಿಕ್ಕರೆ ಟಣ್ ಎನ್ನುತ್ತದೆ ಎಂದು ಊಹಿಸಿಕೊಂಡೆ. ಆ ಮಗುವಿನ ಮುಖ ನೋಡುತ್ತ ನಾನು ಯೋಚಿಸುತ್ತಿದ್ದದ್ದು ಟಿಕೆಟ್ಟಿನ ಬಗ್ಗೆ.

ಕ್ರಿಸ್ಮಸ್ಸಿಗೆ ನಾರ್ವೆಯಿಂದ ಆನ್ನೆಯ ತಾಯಿ ಬಂದರು. ಸಿಗ್ರಿ ಅವರನ್ನು ಮೊರ್ಮೊರ್ ಎಂದು ಕರೆಯುತ್ತಿದ್ದಳು. ಮೊರ್ ಎಂದರೆ ಅಮ್ಮ, ಮೊರ್ಮೊರ್ ಎಂದರೆ ಅಮ್ಮನ ಅಮ್ಮ. ನಮ್ಮೂರಿನ ಹಿಂದೂ ಗೆಳತಿಯರು ಅಮ್ಮಮ್ಮ ಎನ್ನುವ ಹಾಗೆಯೇ. ಇಂಗ್ಲಿಷ್ ಬಾರದ, ಅಗಲ ಭುಜದ, ಎಲ್ಲದಕ್ಕೂ ತಲೆಯಾಡಿಸುವ ಹೆಂಗಸು.

ಬಹುಮಾನದ ವಿಷಯದಲ್ಲಿ ಆನ್ನೆಗೆ ಒಂದು ಸಂಕಟವಿತ್ತು. ಬಾದಾಮಿ, ಸಕ್ಕರೆ ಅರೆದು ಮಾಡಿದ ಹಂದಿಮರಿಯೇ ಅಲ್ಲಿ ಬಹುಮಾನ. ಹಂದಿಯ ಆಕಾರವಷ್ಟೇ, ಆದರೂ ಮುಸ್ಲಿಂ ಹುಡುಗಿ ಮನೆಯಲ್ಲಿರುವಾಗ ಅದನ್ನು ಮೇಜಿನ ಮೇಲಿಡಬಹುದೇ? ಅವರು ನನ್ನನ್ನು ಕೇಳಲೂ ನಾಚಿ, ಅದರ ಬದಲು ಒಂದು ಒಂಟೆ ತಂದರು, ಚಾಕೊಲೇಟಿನದು. ಸಿಗ್ರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ, "ನಿಸ್ಸೆಗೆ ಇದರ ಗುರುತು ಸಿಗದಿದ್ದರೆ?" ಎಂದಳು.

ಆ ಮಧ್ಯಾಹ್ನ ಮೇಜಿನ ಮೇಲೆ ದೊಡ್ಡ ಪಾತ್ರೆ. ಅಕ್ಕಿಯನ್ನು ಹಾಲಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಮಾಡಿದ ಗಂಜಿ, ಮೇಲೆ ಸಕ್ಕರೆ, ದಾಲ್ಚಿನ್ನಿ ಪುಡಿ, ನಡುವೆ ಕರಗುವ ಬೆಣ್ಣೆ. ಅವರಿಗೆ ಅದು ಗಂಜಿ. ನನ್ನ ನಾಲಿಗೆಗೆ ಅದು ನೆಟ್ಟಗೆ ಪಾಯಸ, ಏಲಕ್ಕಿ ಮರೆತ ಪಾಯಸ. ನಾಲ್ಕು ತಿಂಗಳ ಬ್ರೆಡ್ಡಿನ ಮೇಲೆ ಇದು ಸಿಕ್ಕಾಗ ನಾನು ತಲೆ ಎತ್ತದೆ ತಿಂದೆ. ಎಲ್ಲರಿಗಿಂತ ಮೊದಲು ನನ್ನ ಬಟ್ಟಲು ಖಾಲಿಯಾಯಿತು.

ಉಳಿದವರು ತಿನ್ನುತ್ತಲೇ ಇದ್ದರು. ಒಂದು ಬಟ್ಟಲು ಮುಗಿದು ಎರಡನೆಯದು. ಯಾರೂ ಮಾತಾಡುತ್ತಿಲ್ಲ, ಚಮಚದಲ್ಲಿ ಗಂಜಿಯನ್ನು ಹರಡಿ ಹರಡಿ ನೋಡಿ ತಿನ್ನುತ್ತಿದ್ದಾರೆ. ಟ್ರೋಂಡ್ ಬೆಲ್ಟ್ ಸಡಿಲ ಮಾಡಿಕೊಂಡ. ಮೊರ್ಮೊರ್ ಮೂರನೆಯ ಬಟ್ಟಲು ಹಾಕಿಸಿಕೊಂಡು ಉಸಿರು ಬಿಟ್ಟರು. ಸಿಗ್ರಿಯ ಕಿವಿಗಳು ಕೆಂಪಾಗಿದ್ದವು. ಪಾತ್ರೆಯ ತಳ ಕಂಡಿತು.

"ಯಾರೋ ಬಾಯಲ್ಲಿ ಬಚ್ಚಿಟ್ಟುಕೊಂಡಿದ್ದೀರಿ," ಎಂದರು ಆನ್ನೆ ನಗುತ್ತ. ಅದೂ ಪದ್ಧತಿಯಂತೆ, ಸಿಕ್ಕವರು ದವಡೆಯಲ್ಲಿ ಒತ್ತಿಟ್ಟುಕೊಂಡು ಎಲ್ಲರನ್ನೂ ಹೊಟ್ಟೆ ಬಿರಿಯುವವರೆಗೆ ತಿನ್ನಿಸುವುದು.

ಸಿಗ್ರಿ ಎದ್ದು ಎಲ್ಲರ ಬಾಯಿ ತೆರೆಸಿದಳು. ಅಪ್ಪ, ಅಮ್ಮ, ಮೊರ್ಮೊರ್. ನನ್ನ ಹತ್ತಿರ ಬಂದು, "ನಿನಗೆ ಸಿಕ್ತಾ?" ಎಂದಳು.

"ಇಲ್ಲ. ನನಗೆ ಯಾವ ಮೆಡಲೂ ಸಿಗಲಿಲ್ಲ."

"ಮೆಡಲ್ ಅಲ್ಲ. ಮಂಡೆಲ್."

ಟ್ರೋಂಡ್ ಎದ್ದುಹೋಗಿ ಅಡುಗೆಮನೆಯಿಂದ ಒಂದು ಪೊಟ್ಟಣ ತಂದು, ಅದರಿಂದ ಒಂದನ್ನು ತೆಗೆದು ಮೇಜಿನ ಮೇಲಿಟ್ಟ. ಸಿಪ್ಪೆ ಸುಲಿದ ಬಾದಾಮಿ.

ನಿಮಗೆ ಹೇಗೆ ಹೇಳಲಿ. ಪಾಯಸದಲ್ಲಿ ಬಾದಾಮಿ ಬಾಯಿಗೆ ಬಂದರೆ ನಮ್ಮ ಕಡೆಯವರು ಏನು ಮಾಡುತ್ತಾರೆ? ಅಗಿಯುತ್ತಾರೆ. ಇನ್ನೊಂದು ಬರುತ್ತದೋ ಎಂದು ಕಾಯುತ್ತಾರೆ. ಬರದಿದ್ದರೆ, ಬಡಿಸಿದವರು ಗೋಡಂಬಿ ಬಾದಾಮಿಯನ್ನೆಲ್ಲ ತಮ್ಮವರಿಗೆ ಸೌಟಿನಲ್ಲಿ ಆರಿಸಿ ಹಾಕಿದ್ದಾರೆಂದು ಮನಸ್ಸಿನಲ್ಲೇ ದೂರುತ್ತಾರೆ. ನಾನು ಮೂರನ್ನೂ ಮಾಡಿದ್ದೆ.

ಇಲ್ಲಿಂದ ನನ್ನ ನೆನಪಿಗೂ ಡೈರಿಗೂ ಜಗಳ. ನಾನು ತಕ್ಷಣ, "ಅಯ್ಯೋ, ಅದನ್ನು ನಾನು ತಿಂದೆ," ಎಂದೆನೆಂದೇ ನನ್ನ ನೆನಪು. ಹೇಳುವಾಗ ನಕ್ಕೆ ಎಂದೂ ನೆನಪು. ಡೈರಿಯಲ್ಲಿ ಇರುವುದು: 'ಸ್ವಲ್ಪ ಹೊತ್ತು ಸುಮ್ಮನಿದ್ದೆ. ಮೊರ್ಮೊರ್ ಪಾತ್ರೆಯ ತಳ ಕೆರೆಯತೊಡಗಿದ ಮೇಲೆ ಹೇಳಿದೆ.' ಆ ಸ್ವಲ್ಪ ಹೊತ್ತು ಎಷ್ಟು ಹೊತ್ತು? ಆಗ ನನ್ನ ತಲೆಯಲ್ಲಿ ಏನಿತ್ತು? ಮಂಡೆಲ್ ಯಾರಿಗೂ ಸಿಗದಿದ್ದರೆ ಯಾವ ಬೇಡಿಕೆಯೂ ಇಲ್ಲ, ಬೇಡಿಕೆ ಇಲ್ಲದಿದ್ದರೆ ಅದು ಸುಳ್ಳಾಗುವ ಪ್ರಶ್ನೆಯೂ ಇಲ್ಲ ಎಂಬ ಲೆಕ್ಕ ಹಾಕುತ್ತಿದ್ದೆನೇ? ಅಥವಾ ಬರೀ ಮಾನ ಹೋದೀತೆಂಬ ಹೆದರಿಕೆಯೇ? ಎರಡನೆಯದೇ ಇರಬೇಕು.

ಟ್ರೋಂಡ್ ಮೊರ್ಮೊರ್‌ಗೆ ಅನುವಾದ ಮಾಡಿ ಹೇಳಿದ. ಆ ಹೆಂಗಸು ಮೇಜಿನ ಅಂಚು ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಹೊಟ್ಟೆ ತಟ್ಟಿಕೊಂಡು ಏನೋ ಹೇಳಿದರು. "ಮೂರು ಬಟ್ಟಲು ತಿಂದೆನಲ್ಲ, ಯಾರ ಪುಣ್ಯಕ್ಕೆ ಅಂತ ಕೇಳ್ತಿದ್ದಾರೆ," ಎಂದ ಟ್ರೋಂಡ್. ಆನ್ನೆ ಒಂಟೆಯನ್ನು ತಂದು ನನ್ನ ಕೈಯಲ್ಲಿಟ್ಟರು. ನಾನು ಸಿಗ್ರಿಗೆ ಕೊಡಲು ಹೋದೆ. ಅವಳು ನಗಲಿಲ್ಲ, ಒಂಟೆಯನ್ನು ತೆಗೆದುಕೊಳ್ಳಲೂ ಇಲ್ಲ. ನನ್ನ ಕೈ ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋದಳು.

"ಈಗ ನೀನೇ ಬೇಡಿಕೊಳ್ಳಬೇಕು," ಎಂದಳು.

"ಸಿಗ್ರಿ, ಅದು ಮುಗಿದುಹೋಯ್ತಲ್ಲ. ತಿಂದಾಯ್ತಲ್ಲ."

"ಇನ್ನೂ ನಿನ್ನ ಹೊಟ್ಟೆಯಲ್ಲೇ ಉಂಟು. ಬೇಗ. ಕರಗುವ ಮೊದಲು."

ಗಾಜಿನ ಆಚೆ ಮೂವರು ದೊಡ್ಡವರು ನಮ್ಮನ್ನು ನೋಡುತ್ತಿದ್ದರು. ಟಿಕೆಟ್ಟು ಅವರ ಬೀರುವಿನಲ್ಲಿದೆಯೆಂದು ನನಗೆ ಗೊತ್ತು, ಅವರಿಗೆ ಗೊತ್ತು. ಬಾಲ್ಕನಿಯಲ್ಲಿ ನಾವು ಏನು ಮಾಡುತ್ತಿದ್ದೇವೆಂದು ಅವರಿಗೆ ಗೊತ್ತಿಲ್ಲ. ನಾನು ಎರಡೂ ಅಂಗೈ ಮೇಲೆ ಮಾಡಿ ಕಣ್ಣು ಮುಚ್ಚಿದೆ. ಬಾದಾಮಿ ನುಂಗಿದವರ ಬೇಡಿಕೆಯನ್ನು ಮೊಣಕಾಲೆತ್ತರದ ಮುದುಕ ನಡೆಸಿಕೊಡುತ್ತಾನೆಂದು ನಂಬುವವಳಲ್ಲ ನಾನು. ಆದರೆ ಅಂಗೈ ಎತ್ತಿದ ಮೇಲೆ ನಾಟಕ ಮಾಡಲೂ ಹೆದರಿಕೆ. ಅದು ನಾವು ಪ್ರಾರ್ಥಿಸುವ ಭಂಗಿ, ನಾಟಕದ್ದಲ್ಲ. ಡೈರಿಯಲ್ಲಿ 'ದುವಾ ಮಾಡಿದೆ' ಎಂದಷ್ಟೇ ಇದೆ. ಏನು ಬೇಡಿದೆ ಎಂದು ಬರೆದಿಲ್ಲ. ಬರೆಯದಿದ್ದರೂ ಅದೊಂದು ನನಗೆ ಖಚಿತವಾಗಿ ನೆನಪಿದೆ: ಕಣ್ಣು ತೆರೆದ ಮೇಲೆ ಈ ಹುಡುಗಿ ನನ್ನನ್ನು ಏನೂ ಕೇಳದಿರಲಿ ಎಂದು ಬೇಡಿಕೊಂಡಿದ್ದೆ.

ಅವಳು ಕೇಳಿದಳು. "ಹೇಳಿದೆಯಾ?"

"ಹೇಳಿದೆ."

ಅವಳು ನನ್ನನ್ನು ತಬ್ಬಿಕೊಂಡಳು. ಸಂಜೆ ಮಾಮ ಫೋನ್ ಮಾಡಿ, ಹಬ್ಬಕ್ಕೆ ಏನು ಕೊಟ್ಟರೆಂದು ವಿಚಾರಿಸಿದರು. ಗಂಜಿ ಎಂದೆ.

"ಕ್ರಿಸ್ಮಸ್ಸಿಗೆ ಗಂಜಿಯಾ?" ಮಾಮನ ದನಿ ಇಳಿಯಿತು. "ಕಂಪನಿ ಅಷ್ಟು ಕಷ್ಟದಲ್ಲಿ ಉಂಟಾ? ನಾನು ನಾಳೆ ಬಿರಿಯಾನಿ ಪಾರ್ಸೆಲ್ ತರ್ತೇನೆ. ನಾಲ್ಕು ಜನಕ್ಕೆ ಸಾಕಾ, ಐದು ಬೇಕಾ?"

ಮರುದಿನ ಬೇಸ್‌ಮೆಂಟಿನಲ್ಲಿ ಬಟ್ಟಲು ತೊಳೆದು ಬೋರಲಾಗಿತ್ತು. ಕೆಳಗೆ ಆ ವರ್ಷ ಮೂರು ಖರ್ಜೂರ. ಮೂರನೆಯದು ನನ್ನದೆಂದು ಸಿಗ್ರಿ ಹೇಳಿದಳು. ಒಪ್ಪಂದ ಆಗಿದೆ ಎಂಬುದಕ್ಕೆ ಗುರುತು.

ಜನವರಿಯ ಎರಡನೆಯ ಶುಕ್ರವಾರ ಟ್ರೋಂಡ್ ಮಗಳನ್ನು ಕೂರಿಸಿಕೊಂಡು ಹೇಳಿದ. ಅವಳು ಅಳಲಿಲ್ಲ. ಅಂದಿನಿಂದ ಅಪ್ಪನ ಜೊತೆ ಅವರ ಭಾಷೆಯಲ್ಲಿ ಮಾತಾಡುವುದನ್ನು ನಿಲ್ಲಿಸಿದಳು. ಅವನು ಏನಾದರೂ ಕೇಳಿದರೆ ಇಂಗ್ಲಿಷಿನಲ್ಲಿ, "ನನಗೆ ಅರ್ಥವಾಗಲಿಲ್ಲ," ಎನ್ನುವಳು. ಉಪ್ಪು ಕೊಡು ಎಂದರೂ ಅರ್ಥವಾಗಲಿಲ್ಲ. ಅವರ ಭಾಷೆಯ ಶುಭರಾತ್ರಿಯೂ ಅರ್ಥವಾಗಲಿಲ್ಲ. ಟ್ರೋಂಡ್ ಮೊದಲೆರಡು ದಿನ ನಕ್ಕ, ಮೂರನೆಯ ದಿನ ರೇಗಿದ, ಆಮೇಲೆ ಅವನೂ ಅವಳ ಜೊತೆ ಇಂಗ್ಲಿಷಿನಲ್ಲಿ ಮಾತಾಡತೊಡಗಿದ. ತಂದೆ ತನ್ನ ಮಗುವಿನ ಜೊತೆ ಪದ ಹುಡುಕಿ ಹುಡುಕಿ ಮಾತಾಡುವುದನ್ನು ಆ ಮೇಜಿನಲ್ಲಿ ಕೂತು ಕೇಳುವುದು ನನಗೆ ಕಷ್ಟವಾಗುತ್ತಿತ್ತು. ಅವಳು ಒಂದು ತಿಂಗಳಲ್ಲಿ ಆ ಭಾಷೆ ಬಿಟ್ಟು ಬೇರೇನೂ ಇಲ್ಲದ ಊರಿನ ಸ್ಕೂಲಿಗೆ ಹೋಗಬೇಕಾದವಳು.

ಬರ್ ದುಬೈಯ ಅಂಗಡಿಗೆ ಹೋಗಿ ಮಾಮನಿಗೆ ಎಲ್ಲ ಹೇಳಿದೆ, ಬಾದಾಮಿಯಿಂದ ಹಿಡಿದು. ಮಾಮ ಗಿರಾಕಿಗೆ ಬಿಚ್ಚಿ ತೋರಿಸಿದ ಬಟ್ಟೆಯ ತಾನನ್ನು ಮತ್ತೆ ಸುತ್ತುತ್ತ ಕೇಳಿದರು.

"ಸಿಗಡಿಗೆ ಸಿಟ್ಟು ಬಂದದ್ದು ಸರಿಯೇ. ಆದರೆ ಅಪ್ಪನ ಮೇಲೆ ಸಿಟ್ಟು ಮಾಡಿ ಇರ್ಲಿಕ್ಕೆ ಮಕ್ಕಳಿಗೆ ಆಗುದಿಲ್ಲ ಮಾರಾಯ್ತಿ. ಬೇರೆ ಯಾರಾದ್ರೂ ಬೇಕು."

"ಬೇರೆ ಯಾರು?"

"ನನಗೆ ಕಫೀಲ್ ಇದ್ದ. ವೀಸಾ ಕೊಡುವ ಮನುಷ್ಯ. ರಜೆ ಮುಗಿದು ನಾನು ಊರಿಂದ ಹೊರಡುವಾಗೆಲ್ಲ ನನ್ನ ಮಗಳು ಚಪ್ಪಲಿ ಅಡಗಿಸಿ ಇಡ್ತಿದ್ಳು. ನಾನು ಹೇಳುದು, ನನಗೆ ಮನಸ್ಸಿಲ್ಲ ಮಗಳೇ, ಕಫೀಲ್ ಬಿಡುದಿಲ್ಲ, ಅವ ಬಹಳ ಕೆಟ್ಟವ. ಇಪ್ಪತ್ತು ವರ್ಷ ಆ ಹುಡುಗಿ ಅವನಿಗೆ ಬೈದದ್ದೇ ಬೈದದ್ದು." ಮಾಮ ತಾನನ್ನು ಕಪಾಟಿನಲ್ಲಿಟ್ಟರು. "ಪಾಪದ ಮನುಷ್ಯ. ಎಷ್ಟು ಸಲ ಅವನೇ ಹೇಳಿದ್ದ, ಹಮೀದ್, ಇನ್ನೂ ಒಂದು ತಿಂಗಳು ಇದ್ದು ಬಾ ಅಂತ. ನಾನೇ ಬರ್ತಿದ್ದೆ, ಸಂಬಳ ಹೋಗ್ತದೆ ಅಂತ."

ಅವರು ಅದನ್ನು ನನಗೆ ಉಪದೇಶವೆಂದು ಹೇಳಲಿಲ್ಲ. ಹೇಳಿ ಮುಗಿಸಿದ ಮೇಲೆ, ನನ್ನ ಬೇರೆ ಮನೆಯ ಏರ್ಪಾಡಾಗಿದೆ ಎಂದರು. ಊದ್ ಮೇಥಾದಲ್ಲಿ ಉಡುಪಿ ಕಡೆಯ ಕೊಂಕಣಿ ನರ್ಸ್ ಒಬ್ಬರ ಫ್ಲಾಟು. "ಅವರಲ್ಲಿ ಮೀನು ಸಾರು ಉಂಟು," ಎಂದರು.

ಆ ವಾರದಲ್ಲೇ ಒಂದು ಸಂಜೆ ಸಿಗ್ರಿ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತಳು. ತಾನು ಬಹಳ ದಿನದಿಂದ ಯೋಚಿಸಿದ್ದೇನೆ ಎಂಬ ಮುಖ.

"ನೀನು ನಿಸ್ಸೆಯ ಹತ್ತಿರ ಯಾವ ಭಾಷೆಯಲ್ಲಿ ಕೇಳಿದೆ?"

ನಾನು ಕೇಳಲೇ ಇಲ್ಲ ಎಂದು ಹೇಳಬಹುದಿತ್ತು. ನಿಸ್ಸೆ ಎಂದರೆ ಯಾಕೂಬ್ ಚಾಚಾ, ನಿನ್ನ ಅಪ್ಪ-ಅಮ್ಮನಿಗೂ ಹೋಗಲು ಮನಸ್ಸಿಲ್ಲ, ಎಣ್ಣೆಯ ಬೆಲೆ ಬಿದ್ದಿದೆ, ಎಂದೆಲ್ಲ ತಿಳಿಸಿ ಹೇಳಬಹುದಿತ್ತು. ಸತ್ಯದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟೆಂದು ಆ ವಯಸ್ಸಿನಲ್ಲಿ ನನ್ನ ನಂಬಿಕೆ.

"ಬ್ಯಾರಿಯಲ್ಲಿ," ಎಂದೆ.

ಅವಳು ದೀರ್ಘವಾಗಿ ಉಸಿರು ಬಿಟ್ಟಳು. "ಅವನಿಗೆ ಬ್ಯಾರಿ ಬರುವುದಿಲ್ಲ."

"ನನಗೆ ಹೊಳೆಯಲಿಲ್ಲ."

"ಅವನಿಗೆ ನಾರ್ವೆಯ ಭಾಷೆ ಮಾತ್ರ ಬರುತ್ತೆ. ಸ್ವಲ್ಪ ಅರಬಿಕ್ ಬರಬಹುದು. ನೀನು ನನ್ನನ್ನು ಕೇಳಬೇಕಿತ್ತು."

"ಹೌದು. ಕೇಳಬೇಕಿತ್ತು. ತಪ್ಪು ನನ್ನದೇ."

"ನಿನ್ನದೇ," ಎಂದಳು. ನನ್ನನ್ನು ಚೆನ್ನಾಗಿ ಬೈದಳು. ಮಂಡೆಲನ್ನು ನೋಡದೆ ನುಂಗುವವರು ಜಗತ್ತಿನಲ್ಲಿ ಯಾರೂ ಇಲ್ಲ, ಗಂಜಿಯನ್ನು ಅಷ್ಟು ಗಬಗಬ ತಿನ್ನಬಾರದು, ಒಂಟೆಯೂ ಸರಿ ಇರಲಿಲ್ಲ, ಅದೂ ನನ್ನಿಂದಲೇ. ಬೈದು ಮುಗಿಸಿ ಎದ್ದುಹೋದಳು. ಆ ದಿನ ಊಟದ ಮೇಜಿನಲ್ಲಿ, ಆಲೂಗಡ್ಡೆಯ ಬಟ್ಟಲು ತನ್ನ ಕಡೆ ಸರಿಸೆಂದು ಅಪ್ಪನಿಗೆ ನಾರ್ವೆಯ ಭಾಷೆಯಲ್ಲಿ ಹೇಳಿದಳು. ಟ್ರೋಂಡ್ ಬಟ್ಟಲನ್ನು ಸರಿಸಿ, ಅವಳ ತಟ್ಟೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾಕಿ, ಕಿಟಕಿಯ ಕಡೆ ತಿರುಗಿ ಕೂತ. ಆನ್ನೆ ನನ್ನತ್ತ ನೋಡಿದರು. ನಾನು ಗಬಗಬನೆ ತಿನ್ನದಂತೆ ಎಚ್ಚರವಹಿಸಿ ತಿನ್ನುತ್ತಿದ್ದೆ.

ಅವರು ಹೊರಡುವ ದಿನ ಬೆಳಿಗ್ಗೆ ಖಾಲಿ ಪಡಸಾಲೆಯಲ್ಲಿ ಏಳು ಸೂಟ್‌ಕೇಸು ಸಾಲಾಗಿ ನಿಂತಿದ್ದವು. ನನ್ನ ಒಂದು ಚೀಲ, ಒಳಗೆ ಟ್ರೋಂಡ್ ಕೊಟ್ಟ ಆ ಚೀಸ್ ಹೆರೆಯುವ ಸಾಧನ, ಬೇರೆ ಗೋಡೆಗೆ ಒರಗಿತ್ತು. ಟ್ಯಾಕ್ಸಿ ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ಸಿಗ್ರಿ ನನ್ನ ಡೈರಿ ತೆಗೆಸಿದಳು.

"ಮುಂದಿನ ಸಲಕ್ಕೆ ಬರೆದುಕೋ. ಲಾ ಒಸ್ ಬ್ಲಿ ಹ್ಯಾರ್."

ನಾವು ಇಲ್ಲೇ ಇರುವಂತಾಗಲಿ ಎಂದು ಅದರ ಅರ್ಥ. ನಾನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಅವಳು ಬಗ್ಗಿ ನೋಡಿ, ಇದರಲ್ಲಿ 'ಬ್ಲಿ' ಯಾವುದು ಎಂದು ಕೇಳಿ, ಆ ಅಕ್ಷರದ ಮೇಲೆ ಬೆರಳಿಟ್ಟು, ಒತ್ತಕ್ಷರ ಕೆಳಗೆ ಜೋತುಬಿದ್ದಿರುವುದನ್ನು ಮೆಚ್ಚಿದಳು. "ಈಗ ಹೇಳು," ಎಂದಳು.

ಹೇಳಿದೆ. ಸರಿಯಾಗಲಿಲ್ಲ, ಕೊನೆಯ ಪದ ಕತ್ತೆ ಕೂಗಿದ ಹಾಗಿದೆಯಂತೆ. ಇನ್ನೊಮ್ಮೆ ಹೇಳಿದೆ. ಸ್ವಲ್ಪ ಪರವಾಗಿಲ್ಲ. ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಟ್ರೋಂಡ್ ಎರಡು ಸೂಟ್‌ಕೇಸು ಎತ್ತಿಕೊಂಡು ಬಾಗಿಲಲ್ಲಿ ನಿಂತು, "ಯಲ್ಲಾ, ಸಿಗ್ರಿ," ಎಂದ. ಅವಳು ಅಪ್ಪನಿಗೆ ಕಾಯಲು ಹೇಳಿ, ನನ್ನ ಬಾಯಿಯನ್ನೇ ನೋಡುತ್ತ ನಿಂತಳು. ನಾನು ಮೂರನೆಯ ಸಲ ಹೇಳಿದೆ. ಆ ಸಲ ನಿಜವಾಗಿಯೂ ಬೇಡಿಕೊಂಡೆ.